ಏಳು ಎಣಿಸುವಷ್ಟು ಹೊತ್ತು

ಒಂಬತ್ತನೇ ನಂಬರಿನ ಇಂಜಿನ್ನಿನ ಹೊಟ್ಟೆಯೊಳಗೆ ಮೊಣಕಾಲೂರಿ ಕೂತ ತನಿಖಾಧಿಕಾರಿ ಹತ್ತು ನಿಮಿಷವಾದರೂ ಮೇಲೇಳಲಿಲ್ಲ. ಮಂಡಿ ನೋಯುತ್ತಿತ್ತು. ಅಂಗಿಯ ತೋಳಿಗೆ ಗ್ರೀಸು ಮೆತ್ತಿಕೊಂಡಿತ್ತು. ಆದರೂ ಆಕೆಯ ಕೈಯ ಟಾರ್ಚು ಬ್ರೇಕಿನ ಪ್ಯಾನಲ್ ಬಿಟ್ಟು ಕದಲಲಿಲ್ಲ.

ಸುತ್ತಲೂ ಬೆರಳು ದಪ್ಪದ ಧೂಳು. ಮೂರು ವರ್ಷದಿಂದ ಹಿಂದಿನ ಹಳಿಯ ಮೇಲೆ ಸುಮ್ಮನೆ ನಿಂತ ಇಂಜಿನ್ನಿನೊಳಗೆ ಬೇರೇನು ತಾನೇ ಇದ್ದೀತು? ಆದರೆ ಪ್ಯಾನಲಿನ ನಡುವೆ ಅಂಗೈಯಗಲದ ಒಂದು ಜಾಗ ಮಾತ್ರ ನಿನ್ನೆ ಮೊನ್ನೆ ಒರೆಸಿಟ್ಟ ಹಾಗೆ ಹೊಳೆಯುತ್ತಿತ್ತು. ಅಲ್ಲಿರಬೇಕಿದ್ದ, ಬ್ರೇಕಿಗೆ ಗಾಳಿಯನ್ನು ಅಳೆದು ಬಿಡುವ ಬ್ರೇಕ್ ವಾಲ್ವ್ ಇರಲಿಲ್ಲ. ಗಾಳಿ ಹಾಯುವ ತೂತಿಗೆ ಬಟ್ಟೆಯ ಉಂಡೆ ತುರುಕಿದ್ದರು. ಬಿಚ್ಚಿದ ನಾಲ್ಕು ಬೋಲ್ಟುಗಳನ್ನು ಅವುಗಳ ತೂತಿಗೇ ಎರಡೆರಡು ಸುತ್ತು ತಿರುಗಿಸಿಟ್ಟು ಹೋಗಿದ್ದರು.

ಕದಿಯಲು ಬಂದವನಿಗೆ ಇಷ್ಟೊಂದು ಶಿಸ್ತು ಇರುವುದಿಲ್ಲ. ವಾಪಸು ತಂದು ಕೂರಿಸುವ ಮನಸ್ಸಿದ್ದವನು ಮಾತ್ರ ಬೋಲ್ಟು ಕಾಪಾಡುತ್ತಾನೆ.

"ಏನಾದ್ರೂ ಸಿಕ್ತಾ ಮೇಡಂ?" ಕೆಳಗಿನಿಂದ ಮಾಸ್ತರರ ದನಿ ಬಂತು. ಶೆಡ್ಡಿನ ಪ್ರತಿಯೊಂದು ಇಂಜಿನ್ನಿಗೂ ಒಂದೊಂದು ಚರಿತ್ರೆ ಪುಸ್ತಕ ಉಂಟು. ಅದನ್ನೆಲ್ಲ ಬರೆದಿಡುವ ಗುಮಾಸ್ತ ಅವರು. ಪುಸ್ತಕಕ್ಕೆ ಕೆಲಸಗಾರರು ಜಾತಕ ಎಂದು ಹೆಸರಿಟ್ಟ ಮೇಲೆ ಗುಮಾಸ್ತರು ತಾವಾಗಿಯೇ ಜಾತಕದ ಮಾಸ್ತರರಾದರು.

"ಸಿಕ್ಕಿಲ್ಲ ಮಾಸ್ತರೇ. ಇಲ್ಲದೇ ಇರೋದು ಸಿಕ್ಕಿದೆ," ಎಂದಳು. "ಒಂಬತ್ತರ ಪುಸ್ತಕ ತೆಗೆದು ಬ್ರೇಕ್ ವಾಲ್ವಿನ ನಂಬರು ಓದಿ."

ಅವರು ಓದಿದರು. ಆಕೆ ತನ್ನ ಪುಟ್ಟ ನೋಟುಬುಕ್ಕನ್ನು ಟಾರ್ಚಿನ ಬೆಳಕಿಗೆ ಹಿಡಿದಳು. ಏಳೂ ಅಂಕಿಗಳು ತಾಳೆಯಾದವು.

ಆ ನಂಬರನ್ನು ಆಕೆ ನಿನ್ನೆ ಬರೆದುಕೊಂಡದ್ದು ಮೂವತ್ತೊಂದನೇ ಇಂಜಿನ್ನಿನ ಅವಶೇಷದೊಳಗೆ ತಲೆ ತೂರಿಸಿ. ಹನ್ನೊಂದು ದಿನದ ಹಿಂದೆ ಬೆಳಿಗ್ಗೆ, ಹಿಂದೆ ಒಂದು ವ್ಯಾಗನ್ನೂ ಇಲ್ಲದೆ ಬರೀ ಇಂಜಿನ್ನಾಗಿ ಶೆಡ್ಡಿನಿಂದ ಹೊರಟ ಮೂವತ್ತೊಂದು, ಯಾರ್ಡಿನ ಕೆಂಪು ಸಿಗ್ನಲ್ ದಾಟಿ ನಿಂತಿದ್ದ ವ್ಯಾಗನ್ನುಗಳಿಗೆ ಗುದ್ದಿತ್ತು. ಕ್ಯಾಬಿನಲ್ಲಿ ಒಬ್ಬನೇ ಇದ್ದ ಡ್ರೈವರ್ ಅಲ್ಲೇ ಸತ್ತಿದ್ದ.

ಮಾಸ್ತರರು ಏಣಿಯ ಬುಡದಲ್ಲಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು. "ಒಂದರ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕೋದಕ್ಕೆ ನಾವು ಕೈಗಡ ಅಂತೀವಿ ಮೇಡಂ. ನಿಮ್ಮ ಕಾಲದಲ್ಲಿ ಇರಲಿಲ್ಲ ಬಿಡಿ."

ಆಕೆಯ ಕಾಲದಲ್ಲಿ ಇರಲಿಲ್ಲ ಎಂಬುದು ನಿಜ. ಇಪ್ಪತ್ತಮೂರು ವರ್ಷದ ಹಿಂದೆ ಈ ನೀಲಿ ಮೂತಿಯ ಇಂಜಿನ್ನುಗಳು ಬಂದಾಗ ಆಕೆ ಇದೇ ಶೆಡ್ಡಿನಲ್ಲಿ ಹೊಸ ಇಂಜಿನಿಯರ್. ಒಟ್ಟು ನಲವತ್ತು. ಬಟ್ಟೆ ಸುತ್ತಿದ ಮದುಮಕ್ಕಳ ಹಾಗೆ ಒಂದೊಂದಾಗಿ ಬಂದಿಳಿದವು. ಆ ವರ್ಷ ಇಡೀ ಮಾರ್ಗದಲ್ಲಿ ಅವುಗಳಷ್ಟು ವೇಗದ ಇಂಜಿನ್ ಬೇರೊಂದಿರಲಿಲ್ಲ. ರಾತ್ರಿ ಹೊರಟು ಬೆಳಗಾಗುವುದರೊಳಗೆ ಊರು ಮುಟ್ಟಿಸುವ ದೊಡ್ಡ ಗಾಡಿಗಳೆಲ್ಲ ಅವುಗಳ ಪಾಲಿಗೇ ಇದ್ದವು. ಚಾಲಕರು ಆ ಡ್ಯೂಟಿಗಾಗಿ ಒಬ್ಬರಿಗೊಬ್ಬರು ಮುಖ ಊದಿಸಿಕೊಳ್ಳುತ್ತಿದ್ದರು.

ಹತ್ತು ವರ್ಷ ಮೆರೆದವು. ಆಮೇಲೆ ಇನ್ನೂ ಹೊಸ ಇಂಜಿನ್ನುಗಳು ಬಂದವು. ನೀಲಿ ಮೂತಿಗಳನ್ನು ಸಣ್ಣ ಗಾಡಿಗೆ ಕಟ್ಟಿದರು, ನಂತರ ಕಲ್ಲಿದ್ದಲಿನ ವ್ಯಾಗನ್ನುಗಳಿಗೆ. ಬಿಡಿಭಾಗ ಮಾಡುತ್ತಿದ್ದ ಕಾರ್ಖಾನೆ ಆ ಕೆಲಸವನ್ನೇ ನಿಲ್ಲಿಸಿತು. ಈಗ ಓಡುತ್ತಿದ್ದದ್ದು ಹನ್ನೊಂದೇ; ಮೂವತ್ತೊಂದನೆಯದು ಹೋದ ಮೇಲೆ ಹತ್ತು. ಉಳಿದವು ಹಿಂದಿನ ಹಳಿಯ ಮೇಲೆ ಸಾಲಾಗಿ ನಿಂತು, ಓಡುವವಕ್ಕೆ ತಮ್ಮ ಅಂಗಾಂಗ ಕೊಡುತ್ತಿದ್ದವು. ನೋಡಿದರೆ ಆಕೆಗೆ ಸಂಕಟವಾಗುತ್ತಿತ್ತು. ಇಂಜಿನ್ನಿಗೆಲ್ಲ ಕಣ್ಣೀರು ಹಾಕಿದರೆ ಜನ ನಗುತ್ತಾರೆ ಎಂದು ಯಾರಿಗೂ ಹೇಳಿಕೊಂಡಿರಲಿಲ್ಲ.

"ಕೈಗಡ ಜಾತಕಕ್ಕೆ ಏರೋದಿಲ್ಲ," ಮಾಸ್ತರರು ಮುಂದುವರಿಸಿದರು. "ಏರಿಸಿದ್ರೆ ಕೊಟ್ಟ ಇಂಜಿನ್ನು ಅಂಗಹೀನ ಅಂತಾಗಿ ನಾಳೇನೇ ಗುಜರಿಗೆ ಹೋಗುತ್ತೆ. ಅದಕ್ಕೇ ಬರೆಯೋದಿಲ್ಲ. ಬಾಯಲ್ಲಿ ಹೇಳ್ತಾರೆ. ಯಾರು ತೆಗೆದು ಹಾಕ್ತಾರೋ ಅವರೇ ಮುಂದಿನ ಡ್ರೈವರಿಗೆ ಹೇಳಬೇಕು. ಇದು ಇಂಥದರ ಭಾಗ, ಹೀಗೆ ನಡ್ಕೊಳ್ಳುತ್ತೆ, ಹುಷಾರು ಅಂತ."

"ಹೇಳದೆ ಬಿಟ್ಟಿದ್ದುಂಟಾ?"

"ನಮ್ಮ ಮೇಸ್ತ್ರಿ ಇರೋವರೆಗೂ ಇಲ್ಲ. ಹೇಳೋ ತನಕ ಅವರು ಮನೆಗೇ ಹೋಗ್ತಿರಲಿಲ್ಲ ಮೇಡಂ." ಅಂದವರೇ ಮಾಸ್ತರರು ಪುಸ್ತಕ ಮಡಚಿ ಕಂಕುಳಿಗೆ ಸೇರಿಸಿದರು. ಅಪಘಾತದ ಹಿಂದಿನ ರಾತ್ರಿಪಾಳಿಯ ಮೇಸ್ತ್ರಿ ಯಾರೆಂಬುದು ಇಬ್ಬರಿಗೂ ಗೊತ್ತಿತ್ತು. ಸತ್ತ ಡ್ರೈವರನ ಹೆಂಡತಿಯ ಸ್ವಂತ ಅಣ್ಣ.

ತನಿಖಾಧಿಕಾರಿ ಬಟ್ಟೆಯ ಉಂಡೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡು ಇಳಿದಳು.

ಶೆಡ್ಡಿನ ಗೇಟಿನ ಬಳಿ ಡ್ರೈವರನ ಮಗಳು ಇವತ್ತೂ ನಿಂತಿರುತ್ತಾಳೆ ಅಂದುಕೊಂಡಿದ್ದಳು. ಇರಲಿಲ್ಲ. ತನಿಖೆ ಶುರುವಾದಾಗಿನಿಂದ ಮೊದಲ ಸಲ. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಅಪ್ಪನ ಹಾದಿಯಲ್ಲೇ ಬಂದು ಸಹಾಯಕ ಚಾಲಕಿಯಾದವಳು. ಮನೆಯಲ್ಲಿ ಪುಟ್ಟಿ, ಶೆಡ್ಡಿನಲ್ಲೂ ಪುಟ್ಟಿ. ಮೊದಲ ದಿನವೇ ತನಿಖಾಧಿಕಾರಿಯ ದಾರಿಗೆ ಅಡ್ಡ ನಿಂತು, "ಅಪ್ಪ ತೂಕಡಿಸಿದ್ರು ಅಂತ ಬರೆದುಬಿಟ್ರೆ ನಾನು ಇನ್ನು ಯಾವ ಮುಖ ಇಟ್ಕೊಂಡು ಕ್ಯಾಬಿಗೆ ಹತ್ತಲಿ?" ಎಂದು ಕೇಳಿದ್ದಳು.

ತೂಕಡಿಕೆಯ ಮಾತು ಹುಟ್ಟಿದ್ದು ಒಂದು ಉದ್ದನೆಯ ಕಾಗದದಿಂದ. ಇಂಜಿನ್ನಿನ ಕಪ್ಪು ಪೆಟ್ಟಿಗೆ ಆ ದಿನದ್ದನ್ನೆಲ್ಲ ಅದರಲ್ಲಿ ಬರೆದಿತ್ತು. ಶೆಡ್ಡಿನಿಂದ ಯಾರ್ಡಿನವರೆಗೆ ಎಲ್ಲ ಸಿಗ್ನಲ್ಲೂ ಹಸಿರು, ಬ್ರೇಕ್ ಮುಟ್ಟುವ ಪ್ರಮೇಯವೇ ಬಂದಿರಲಿಲ್ಲ. ಕೊನೆಯ ಕೆಂಪು ಕಂಡಾಗ ಡ್ರೈವರ್ ಬ್ರೇಕಿನ ಹಿಡಿಯನ್ನು ಮೊದಲ ಮೆಟ್ಟಿಲಿಗೆ ತಂದಿದ್ದ. ಆಮೇಲೆ ಏಳು ಸೆಕೆಂಡು ಏನೂ ಮಾಡಿರಲಿಲ್ಲ. ಎಂಟನೆಯದಕ್ಕೆ ಪೂರ್ತಿ ಎಳೆದಿದ್ದ. ಅಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

ಆ ಏಳು ಸೆಕೆಂಡಿನಲ್ಲಿ ಆತ ತೂಕಡಿಸಿದ ಎಂದು ವಿಚಾರಣೆಯ ಅಧ್ಯಕ್ಷರು ತೀರ್ಮಾನಿಸಿಯಾಗಿತ್ತು. ನಾಳೆ ಬೆಳಿಗ್ಗೆ ಹತ್ತಕ್ಕೆ ಸಹಿ. ಇಪ್ಪತ್ತಾರು ವರ್ಷ ಇಂಜಿನ್ ಓಡಿಸಿ, ಒಂದು ಸಲವೂ ಗಾಡಿಯನ್ನು ಧಡಕ್ಕೆಂದು ನಿಲ್ಲಿಸದೆ, ಮೆಲ್ಲಣ್ಣ ಎಂದೇ ಹೆಸರಾದ ಮನುಷ್ಯನ ಬಾಳು ಆ ಒಂದು ಸಾಲಿನಲ್ಲಿ ಮುಗಿಯುವುದಿತ್ತು.

*

ಮೇಸ್ತ್ರಿಯ ಕೋಣೆ ಶೆಡ್ಡಿನ ಮೂಲೆಯಲ್ಲಿತ್ತು. ಅರ್ಧ ಗೋಡೆ, ಅರ್ಧ ಗಾಜು. ಒಳಗೆ ಎರಡು ಕುರ್ಚಿ, ಅಳತೆಯ ಪ್ರಕಾರ ನೇತುಹಾಕಿದ ಸ್ಪ್ಯಾನರುಗಳು, ಮೇಜಿನ ಮೇಲೆ ಮುಚ್ಚಳ ತೆಗೆಯದ ಊಟದ ಡಬ್ಬಿ. ಈ ವಾರ ಆತನದ್ದು ಹಗಲು ಪಾಳಿ, ಮಧ್ಯಾಹ್ನ ಮೂರು ಗಂಟೆ ದಾಟಿತ್ತು.

"ಕೂತ್ಕೊಳ್ಳಿ ಮೇಡಂ."

ಆಕೆ ಕೂರಲಿಲ್ಲ. ಬಟ್ಟೆಯ ಉಂಡೆಯನ್ನು ಡಬ್ಬಿಯ ಪಕ್ಕ ಇಟ್ಟಳು.

ಮೇಸ್ತ್ರಿ ಅದನ್ನು ನೋಡಿದ. ಅರವತ್ತಕ್ಕೆ ಎರಡು ತಿಂಗಳು ಬಾಕಿಯಿದ್ದ ಗಟ್ಟಿ ಆಳು, ಈ ಹನ್ನೊಂದು ದಿನದಲ್ಲಿ ಅಂಗಿ ಸಡಿಲವಾಗುವಷ್ಟು ಇಳಿದುಹೋಗಿದ್ದ. "ಒಂಬತ್ತರದ್ದು," ಎಂದ.

ತನಿಖಾಧಿಕಾರಿ ದಾರಿಯುದ್ದಕ್ಕೂ ಐದಾರು ಪ್ರಶ್ನೆ ಜೋಡಿಸಿಕೊಂಡು ಬಂದಿದ್ದಳು. ಸುಳ್ಳು ಹೇಳಿದರೆ ಎಲ್ಲಿ ಹಿಡಿಯಬೇಕು, ನುಣುಚಿಕೊಂಡರೆ ಎಲ್ಲಿ ಅಡ್ಡ ಹಾಕಬೇಕು ಎಂದೆಲ್ಲ. ಅಷ್ಟೂ ದಂಡವಾಯಿತು.

"ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ?"

"ಕೇಳಲಿಲ್ಲ."

"ಈಗ ಕೇಳ್ತಾ ಇದ್ದೀನಿ."

ಆತ ಕೈ ಒರೆಸಿಕೊಂಡ. ಕೈ ಒಣಗಿಯೇ ಇತ್ತು. "ಆವತ್ತು ರಾತ್ರಿ ಮೂವತ್ತೊಂದರ ವಾಲ್ವು ಗಾಳಿ ಬಿಡ್ತಿತ್ತು. ಬೆಳಿಗ್ಗೆ ಅದು ಹೊರಡಲೇಬೇಕು, ಬೇರೆ ಇಂಜಿನ್ನಿಲ್ಲ. ಉಗ್ರಾಣದಲ್ಲಿ ಕೇಳಿದ್ರೆ ನಾಲ್ಕು ತಿಂಗಳು ಅಂತಾರೆ. ಒಂಬತ್ತರದ್ದು ಬಿಚ್ಚಿ ಹಾಕಿದೆ. ನಿಲ್ಲಿಸ್ಕೊಂಡು ಪರೀಕ್ಷೆ ಮಾಡಿದೆ, ಸರಿಯಾಗಿತ್ತು."

"ನಿಂತಿರೋ ಇಂಜಿನ್ನಿಗೆ ಬ್ರೇಕ್ ಹಿಡಿದ್ರೂ ಒಂದೇ, ಬಿಟ್ರೂ ಒಂದೇ ಮೇಸ್ತ್ರಿಗಳೇ."

"ಗೊತ್ತು ಮೇಡಂ," ಎಂದ ಆತ. "ನಂಗೆ ಗೊತ್ತಿಲ್ವಾ?"

ಗಾಜಿನಾಚೆ ಯಾರೋ ಇಂಜಿನ್ನಿನ ಛಾವಣಿ ಹತ್ತಿ, ಮೇಲಿನ ತಂತಿಗೆ ತಾಗುವ ತೋಳಿಗೆ ಎಣ್ಣೆ ಹಾಕುತ್ತಿದ್ದರು. ಮೇಸ್ತ್ರಿ ಅಭ್ಯಾಸಬಲದಿಂದ ಆ ಕಡೆ ಒಮ್ಮೆ ನೋಡಿ, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡಿದ್ದಾರೆಂದು ಖಾತ್ರಿ ಮಾಡಿಕೊಂಡ.

"ಏಳು ಸೆಕೆಂಡು ಯಾಕೆ ಕಾದರು ಅವರು?"

"ಮೂವತ್ತೊಂದರ ಹಳೇ ವಾಲ್ವಿನ ಬ್ರೇಕು ತಡವಾಗಿ ಸಿಡಿಯೋ ಕೋಪಿಷ್ಠ. ಮೊದಲ ಮೆಟ್ಟಿಲಿಗೆ ತಂದ್ರೆ ಏನೂ ಆಗದೇ ಇದ್ದ ಹಾಗಿರುತ್ತೆ. ಆರು ಏಳು ಅನ್ನೋವಷ್ಟರಲ್ಲಿ ಗಪ್ಪಂತ ಹಿಡಿಯುತ್ತೆ. ಹಿಡೀಲಿಲ್ಲ ಅಂತ ಗಾಬರಿಯಾಗಿ ಇನ್ನಷ್ಟು ಎಳೆದ್ರೋ, ಚಕ್ರ ಕಚ್ಕೊಂಡು ಹಳಿ ಮೇಲೆ ಜಾರ್ಕೊಂಡೇ ಹೋಗುತ್ತೆ. ಹೊಸ ಡ್ರೈವರುಗಳೆಲ್ಲ ಹೆದರ್ತಿದ್ರು. ಮೆಲ್ಲಣ್ಣನೇ ಅವರಿಗೆಲ್ಲ ಹೇಳಿಕೊಟ್ಟಿದ್ದು. ಒಂದು ಮೆಟ್ಟಿಲು ಹಿಡಿ, ಏಳು ಎಣಿಸು, ಅದೇ ನಿಲ್ಲುತ್ತೆ ಅಂತ."

"ಒಂಬತ್ತರ ವಾಲ್ವು?"

"ಅದು ಸಾಧು ಮೇಡಂ. ಎಷ್ಟು ಎಳೀತೀರೋ ಅಷ್ಟೇ ಹಿಡಿಯೋದು. ಒಂದು ಮೆಟ್ಟಿಲು ಅಂದ್ರೆ ಒಂದೇ ಮೆಟ್ಟಿಲಿನಷ್ಟು."

ತನಿಖಾಧಿಕಾರಿ ಈಗ ಕುರ್ಚಿ ಎಳೆದುಕೊಂಡು ಕೂತಳು.

ತೂಕಡಿಕೆಯಲ್ಲ. ಮರೆವಲ್ಲ. ಆ ಮನುಷ್ಯ ಮೈಯೆಲ್ಲ ಕಣ್ಣಾಗಿ ಕೂತು ಎಣಿಸುತ್ತಿದ್ದ. ಒಂದು, ಎರಡು, ಮೂರು. ಎದುರಿಗೆ ವ್ಯಾಗನ್ನು ದೊಡ್ಡದಾಗುತ್ತಿದ್ದರೂ ತನ್ನ ಇಂಜಿನ್ನಿನ ಮೇಲಿನ ನಂಬಿಕೆಯಿಂದ ಎಣಿಸುತ್ತಿದ್ದ. ಎಷ್ಟು ಚೆನ್ನಾಗಿ ಬಲ್ಲವನೋ ಅಷ್ಟು ಚೆನ್ನಾಗಿ ಮೋಸಹೋದ. ಕೆಲಸ ಬಾರದ ಎಳೆಯ ಡ್ರೈವರೊಬ್ಬ ಅಲ್ಲಿದ್ದರೆ ಗಾಬರಿಯಿಂದ ಪೂರ್ತಿ ಎಳೆದು ಬದುಕಿಕೊಳ್ಳುತ್ತಿದ್ದ. ತನಿಖೆಗೆ ಬಂದವಳು ಎಂಬುದನ್ನು ನೆನಪಿಸಿಕೊಂಡು ಆಕೆ ಪೆನ್ನಿನ ಮುಚ್ಚಳ ತೆಗೆದಳು.

"ಹಾಗಾದ್ರೆ ತಪ್ಪು ಅವರದ್ದಲ್ಲ," ಎಂದಳು ಕೊನೆಗೆ. "ವಾಲ್ವು ಬದಲಾಗಿದೆ ಅಂತ ಒಂದು ಮಾತು ಅವರ ಕಿವಿಗೆ ಬಿದ್ದಿದ್ರೆ ಸಾಕಿತ್ತು. ಯಾಕೆ ಹೇಳಲಿಲ್ಲ ನೀವು?"

"ಹೇಳಲಿಲ್ಲ ಅಂತಲೇ ಬರ್ಕೊಳ್ಳಿ."

ಆಕೆಯ ಪೆನ್ನು ಕಾಗದ ಮುಟ್ಟುವ ಮೊದಲೇ ನಿಂತಿತು. ಇಪ್ಪತ್ತು ವರ್ಷ ಜನರ ಬಾಯಿಂದ ಮಾತು ಹೊರಡಿಸಿದವಳು. ಹೇಳಲಿಲ್ಲ ಎನ್ನುವುದಕ್ಕೂ ಹೇಳಲಿಲ್ಲ ಅಂತ ಬರ್ಕೊಳ್ಳಿ ಎನ್ನುವುದಕ್ಕೂ ಇರುವ ಅಂತರ ಆಕೆಗೆ ತಿಳಿಯದ್ದಲ್ಲ.

"ಏನು ಬರೀಬೇಕು ಅನ್ನೋದು ನನಗೆ ಬಿಡಿ. ಹೇಳಿದ್ರೋ, ಇಲ್ವೋ?"

"ಇಲ್ಲ."

"ಕೈಗಡದ ಮಾತು ಹೇಳದೆ ನೀವು ಮನೆಗೇ ಹೋಗ್ತಿರಲಿಲ್ಲವಂತೆ. ಊರಿನ ಎಲ್ಲ ಡ್ರೈವರುಗಳಿಗೂ ಹೇಳೋ ನೀವು ಒಡಹುಟ್ಟಿದ ತಂಗಿಯ ಗಂಡನಿಗೆ ಮಾತ್ರ ಹೇಳಲಿಲ್ವಾ?"

"ಮರೆತೆ."

"ಬೋಲ್ಟು ತೂತಿಗೆ ತಿರುಗಿಸಿಡೋದು ಮರೀಲಿಲ್ಲ. ತೂತಿಗೆ ಬಟ್ಟೆ ತುರುಕೋದು ಮರೀಲಿಲ್ಲ."

ಮೇಸ್ತ್ರಿ ಡಬ್ಬಿಯನ್ನು ಈ ಕಡೆಯಿಂದ ಆ ಕಡೆಗೆ ಸರಿಸಿದ, ಮತ್ತೆ ಈ ಕಡೆಗೆ ತಂದಿಟ್ಟ.

"ಸರಿ," ಎಂದು ಆಕೆ ಎದ್ದಳು. "ನಿಮ್ಮ ಫೋನ್ ಕೊಡಿ. ಆವತ್ತು ಬೆಳಿಗ್ಗೆ ಯಾರಿಗೆ ಮಾಡಿದ್ದೀರಿ ನೋಡ್ತೀನಿ."

"ಬೇಡ ಮೇಡಂ." ಆತನ ಕೈ ತಾನಾಗಿಯೇ ಜೇಬನ್ನು ಮುಚ್ಚಿಕೊಂಡಿತು. ಅದಾದ ಮೇಲೆ ಬಚ್ಚಿಡಲು ಏನೂ ಉಳಿಯಲಿಲ್ಲ. ಆ ಗಟ್ಟಿ ಆಳು ಮೇಜಿನ ಅಂಚು ಹಿಡಿದುಕೊಂಡು, ಸದ್ದೇ ಬಾರದ ಹಾಗೆ ಅತ್ತ.

ಆಕೆ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ನೋಡಿ ಬಂದಳು.

"ಬೆಳಿಗ್ಗೆ ಐದಕ್ಕೆ ಪಾಳಿ ಮುಗೀತು," ಎಂದ ಆತ. "ಎದುರಿಗೆ ಸಿಕ್ಕಿ ಹೇಳೋಣ ಅಂದ್ರೆ ಮೆಲ್ಲಣ್ಣ ಡ್ಯೂಟಿಗೆ ಬರೋದು ಏಳಕ್ಕೆ. ಎರಡು ಗಂಟೆ ಕಾಯಬೇಕಿತ್ತು. ಯಾವಾಗಲೂ ಕಾಯ್ತಿದ್ದೆ. ಆವತ್ತು ಕಣ್ಣು ಎಳೀತಿತ್ತು, ಮನೆಯೋನೇ ಅಲ್ವಾ ಅಂತ ಅವನ ಫೋನಿಗೆ ಮಾಡಿದೆ."

"ಮಾತಾಡಿದ್ರಾ?"

"ಎತ್ತಿದ್ದು ಅವನಲ್ಲ. ಪುಟ್ಟಿ."

ಆಕೆ ಮತ್ತೆ ಕುರ್ಚಿಗೆ ಕೂತಳು.

"ಅವಳೂ ಆ ರಾತ್ರಿ ಡ್ಯೂಟಿ ಮುಗಿಸಿ ನಾಲ್ಕಕ್ಕೆ ಬಂದು ಮಲಗಿದ್ದಳಂತೆ. ಫೋನು ಅವಳ ತಲೆ ಹತ್ತಿರ ಚಾರ್ಜಿಗಿತ್ತು. ಅಪ್ಪ ಸ್ನಾನಕ್ಕೆ ಹೋಗಿದ್ದಾರೆ ಅಂದಳು. ಮೂವತ್ತೊಂದಕ್ಕೆ ಒಂಬತ್ತರ ವಾಲ್ವು ಹಾಕಿದೀನಿ, ಎಣಿಸ್ಕೊಂಡು ಕೂರಬೇಡ, ಪೂರ್ತಿ ಎಳಿ ಅಂತ ಹೇಳಮ್ಮ ಅಂದೆ. ಹೂಂ ಮಾವ, ಹೇಳ್ತೀನಿ ಅಂದಳು. ಎರಡು ಸಲ ಹೇಳಿಸಿದೆ. ಎರಡು ಸಲಾನೂ ಹೂಂ ಅಂದಳು. ನಿದ್ದೆಗಣ್ಣಲ್ಲಿ ಹೂಂಗುಟ್ತಿದ್ದಾಳೆ ಅಂತ ನನಗೆ ಹೊಳೀಬೇಕಿತ್ತು."

"ಅವಳಿಗೆ ಗೊತ್ತಾ?"

"ನೆನಪೇ ಇಲ್ಲ ಮೇಡಂ. ಫೋನು ಇಟ್ಟು ಮತ್ತೆ ಮಲಗಿಬಿಟ್ಟಿದ್ದಾಳೆ ಕೂಸು. ಶವ ಮನೆಗೆ ತಂದ ದಿನ ನನ್ನ ಕುತ್ತಿಗೆಗೆ ಜೋತುಬಿದ್ದು ಅತ್ತಳು. ಇಂಜಿನ್ನಿನಲ್ಲಿ ಏನೋ ಆಗಿತ್ತು ಮಾವ, ಅಪ್ಪನಿಗೆ ಯಾರೂ ಹೇಳಿಲ್ಲ ಅಂತ. ನಾನೇನು ಹೇಳಲಿ? ಬೆನ್ನು ಸವರಿದೆ."

ಶೆಡ್ಡಿನಲ್ಲಿ ಯಾವುದೋ ಇಂಜಿನ್ನು ಗಾಳಿ ಬಿಟ್ಟ ಸದ್ದು ಬಂತು.

"ಕೈಗಡ ಅಂತ ಬಾಯಿಬಿಟ್ರೆ ಮುಂದಿನ ಪ್ರಶ್ನೆ, ಡ್ರೈವರಿಗೆ ಹೇಳಿದ್ರಾ ಅನ್ನೋದೇ. ಆಮೇಲೆ ಫೋನು ತೆಗೀತಾರೆ. ಅದಕ್ಕೇ ಹಲ್ಲು ಕಚ್ಕೊಂಡಿದ್ದೆ. ಸತ್ತವನ ಹೆಸರು ಹಾಳಾಗ್ತಿದೆ, ನೋಡ್ಕೊಂಡು ಕೂತೆ. ಮೆಲ್ಲಣ್ಣನನ್ನೇ ಕೇಳಿದ್ರೂ ಮಗಳನ್ನ ಉಳಿಸು ಅಂತಲೇ ಹೇಳ್ತಿದ್ದ." ಆತ ಎರಡೂ ಕೈ ಜೋಡಿಸಿದ. "ಮೇಸ್ತ್ರಿ ಹೇಳಲಿಲ್ಲ ಅಂತ ಬರೀರಿ. ಸುಳ್ಳೇನಲ್ಲ ಮೇಡಂ, ಅವನಿಗೆ ನಾನು ಹೇಳಲಿಲ್ಲ. ಕಾಯಬೇಕಿತ್ತು, ಕಾಯಲಿಲ್ಲ. ನನ್ನ ತಲೆ ಮೇಲೆ ಹಾಕಿ."

ತನಿಖಾಧಿಕಾರಿಗೆ ಆ ಕ್ಷಣ ಈ ಕೆಲಸವೇ ಬೇಡವೆನಿಸಿತು. ಅಪ್ಪನ ಹೆಸರು ಉಳಿಸಿಕೊಡಿ ಎಂದು ದಿನವೂ ಬಿಸಿಲಲ್ಲಿ ನಿಂತ ಹುಡುಗಿ. ಉಳಿಸುವ ದಾರಿಯೊಂದು ಸಿಕ್ಕಿದೆ. ಅದು ನೆಟ್ಟಗೆ ಆ ಹುಡುಗಿಯ ಹಾಸಿಗೆಯ ಬಳಿಗೆ ಹೋಗಿ ನಿಲ್ಲುತ್ತದೆ. ಮೇಸ್ತ್ರಿ ಹೇಳಿದಂತೆ ಬರೆದರೆ ಮೆಲ್ಲಣ್ಣ ಗೆಲ್ಲುತ್ತಾನೆ, ಪುಟ್ಟಿ ಉಳಿಯುತ್ತಾಳೆ. ಆದರೆ ಇಪ್ಪತ್ತು ವರ್ಷದಲ್ಲಿ ಆಕೆ ಗೊತ್ತಿದ್ದೂ ಗೊತ್ತಿದ್ದೂ ಒಂದು ಸುಳ್ಳಿಗೂ ಸಹಿ ಹಾಕಿರಲಿಲ್ಲ.

ಆಕೆ ನೋಟುಬುಕ್ಕು ತೆರೆದಳು. ಮೇಸ್ತ್ರಿ ಎಂದು ಬರೆದಳು. ಮುಂದಿನ ಪದಕ್ಕೆ ಕೈ ಓಡಲಿಲ್ಲ.

ಗಾಜಿನ ಬಾಗಿಲು ತಟ್ಟದೆಯೇ ತೆರೆದುಕೊಂಡಿತು.

ಪುಟ್ಟಿ ಒಳಗೆ ಬಂದಳು. ಡ್ಯೂಟಿಯ ಅಂಗಿ ಹಾಕಿಕೊಂಡಿದ್ದಳು, ಮುಖ ಕೆಂಪಾಗಿತ್ತು. ಹಿಂದೆ ಅವಳ ತಾಯಿ, ಹೊಸ್ತಿಲು ದಾಟದೆ ನಿಂತವಳು. ಅಣ್ಣನನ್ನು ಒಮ್ಮೆ ನೋಡಿ ತಾಯಿ ತಲೆ ತಗ್ಗಿಸಿದಳು.

"ಮಾವ, ನೀವೂ ಇಲ್ಲೇ ಇರೋದು ಒಳ್ಳೇದಾಯ್ತು," ಎಂದಳು ಪುಟ್ಟಿ. ಮೇಜಿನ ಮೇಲೆ ಒಂದು ಫೋನು ಇಟ್ಟಳು. "ಅಪ್ಪನ ಫೋನು. ಬೆಳಿಗ್ಗೆಯಿಂದ ಅಂಗಡೀಲಿ ಕೂತು ಲಾಕ್ ತೆಗೆಸ್ಕೊಂಡು ಬಂದೆ. ನೋಡಿ ಮೇಡಂ. ಆವತ್ತು ಬೆಳಿಗ್ಗೆ ಐದು ಹತ್ತಕ್ಕೆ ಮಾವ ಮಾಡಿದಾರೆ. ಯಾರೋ ಎತ್ತಿ ಎರಡು ನಿಮಿಷ ಮಾತಾಡಿದಾರೆ. ಆ ಹೊತ್ತಲ್ಲಿ ಅಪ್ಪ ಸ್ನಾನದ ಮನೇಲಿರ್ತಾರೆ, ದಿನಾ."

ಮೇಸ್ತ್ರಿ ಕುರ್ಚಿಯಿಂದ ಅರ್ಧ ಎದ್ದವನು ಹಾಗೇ ನಿಂತ. "ಪುಟ್ಟಿ, ಕೇಳಿಲ್ಲಿ—"

"ನೀವು ಸುಮ್ಮನಿರಿ ಮಾವ. ನೀವು ಹೇಳೋದನ್ನ ಹೇಳಿದೀರಿ, ನಿಮ್ಮದೇನೂ ತಪ್ಪಿಲ್ಲ. ತಂಗೀನ ಬಿಟ್ಟುಕೊಡಬಾರದು ಅಂತ ಬಾಯಿ ಮುಚ್ಕೊಂಡಿದೀರಿ." ಅವಳು ತಾಯಿಯ ಕಡೆ ತಿರುಗಲೂ ಇಲ್ಲ. "ಮನೇಲಿ ಇದ್ದದ್ದು ನಾನು, ಅಮ್ಮ ಇಬ್ಬರೇ. ನಾನು ಸತ್ತ ಹೆಣದ ಹಾಗೆ ಮಲಗಿದ್ದೆ. ಅಮ್ಮನ್ನ ಕೇಳಿದೆ. ಒಂದೇ ಮಾತಿಗೆ ಒಪ್ಕೊಂಡಳು. ತಾನೇ ಎತ್ತಿದ್ದಂತೆ. ಅಪ್ಪನಿಗೆ ಹೇಳೋದು ಮರೆತುಹೋಯ್ತಂತೆ."

ತನಿಖಾಧಿಕಾರಿ ತಾಯಿಯನ್ನು ನೋಡಿದಳು. ಬಡಕಲು ಹೆಂಗಸು. ಹನ್ನೊಂದು ದಿನದ ಅಳುವಿಗೆ ಕಣ್ಣುಗಳು ಸಣ್ಣಗಾಗಿದ್ದವು. ಆ ಕಣ್ಣುಗಳು ಮಾತ್ರ ಈಗ ಸ್ವಲ್ಪವೂ ಅಲುಗದೆ ಆಕೆಯನ್ನೇ ನೋಡುತ್ತಿದ್ದವು.

"ಹೌದು," ಎಂದಳು ತಾಯಿ. "ನಾನೇ ಎತ್ತಿದ್ದು. ಬರ್ಕೊಳ್ಳಿ."

"ಬರ್ಕೊಳ್ಳಿ ಮೇಡಂ," ಎಂದಳು ಮಗಳು. "ಇನ್ನು ಆ ಮನೇಲಿ ಇವಳ ಜೊತೆ ನಾನು ಒಂದು ದಿನಾನೂ ಇರಲ್ಲ. ಅಮ್ಮನ ಹೆಸರು ಬರೀರಿ, ನಾನು ಸಾಕ್ಷಿ."

ಅವಳು ತಾನೇ ಕೈ ಚಾಚಿ, ತನಿಖಾಧಿಕಾರಿಯ ಬೆರಳುಗಳ ನಡುವಿನಿಂದ ಪೆನ್ನು ತೆಗೆದುಕೊಂಡಳು.

"ಎಲ್ಲಿ ಸಹಿ ಹಾಕಬೇಕು?"